ಲೈನ್ ಹೋದರೂ ಮನೆಯ ವೈಫೈ ನಿಲ್ಲದಿರಲಿ: ಕಾಡಂಚಿನ ಮನೆಗೆ ಹದಿಮೂರು ಸೂತ್ರ

ಜೋಯಿಡಾದಿಂದ ಕಾರವಾರದ ಕಡೆ ಹೊರಟರೆ ಕುಂಬಾರವಾಡ ಸಿಗುತ್ತದೆ. ಉಳವಿಗೆ ಹೋಗುವವರು ಇಲ್ಲೇ ತಿರುಗಬೇಕು. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅದರ ಒಂದು ವನ್ಯಜೀವಿ ವಲಯಕ್ಕೆ ಈ ಊರಿನದೇ ಹೆಸರು. ಇಂಥ ಕಡೆ ಮಳೆಗಾಲದಲ್ಲಿ ಒಂದು ಮರ ಉರುಳಿದರೆ ಕರೆಂಟೂ ಹೋಗುತ್ತದೆ, ಫೈಬರ್ ಲೈನೂ ಹೋಗುತ್ತದೆ. ಹೊಸ ಕೇಬಲ್ ಎಳೆಯಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಟವರ್ ಹಾಕಬೇಕೆಂದರೂ ಅದೇ ಕತೆ. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಮಲೆನಾಡಿನ ಮಕ್ಕಳು ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಿ ಪಾಠ ಕೇಳಿದ್ದು ಯಾರಿಗೂ ಮರೆತಿಲ್ಲ.

ಈಗ ಹಲವು ಮನೆಗಳ ಗೋಡೆಯ ಮೇಲೆ ರೂಟರ್ ಕೂತಿದೆ. ಲೈನ್ ಹೋದ ತಕ್ಷಣ ‘ವೈಫೈ ಹೋಯ್ತು’ ಎಂದು ಎಲ್ಲರೂ ಕೈ ಚೆಲ್ಲುತ್ತಾರೆ. ಹೋಗಿರುವುದು ಇಂಟರ್ನೆಟ್ ಮಾತ್ರ. ರೂಟರಿಗೆ ಕರೆಂಟ್ ಇರುವವರೆಗೆ ಮನೆಯೊಳಗಿನ ಫೋನ್, ಟಿವಿ, ಲ್ಯಾಪ್‌ಟಾಪುಗಳು ಒಂದಕ್ಕೊಂದು ಮಾತಾಡುತ್ತಲೇ ಇರುತ್ತವೆ. ಆ ರೂಟರಿಗೆ ಒಂದು ಡಿಸ್ಕ್ ಸಿಕ್ಕಿಸಿದ್ದರೆ ಮಕ್ಕಳ ಪಾಠದ ವಿಡಿಯೊ, ಪಹಣಿಯ ಪ್ರತಿ, ಮದುವೆಯ ಫೋಟೊ ಎಲ್ಲವೂ ಲೈನಿನ ಹಂಗಿಲ್ಲದೆ ಸಿಗುತ್ತವೆ. ಊರಿನ ಲೈನ್ ನಿಮ್ಮ ಕೈಯಲ್ಲಿಲ್ಲ. ಮನೆಯೊಳಗಿನ ಜಾಲ ಪೂರ್ತಿ ನಿಮ್ಮದೇ. ಅದನ್ನು ಗಟ್ಟಿ ಮಾಡಿಕೊಳ್ಳುವ ಬಗೆ ಹೀಗೆ.

1. ಮೊದಲು ಡಬ್ಬಿಯ ಹಿಂಭಾಗ ನೋಡಿ

ಯುಎಸ್‌ಬಿ ಕಿಂಡಿ ಇದೆಯೇ? ಕಂಪನಿಯವರು ಕನೆಕ್ಷನ್ ಜೊತೆ ಕೊಡುವ ಎಷ್ಟೋ ಡಬ್ಬಿಗಳಲ್ಲಿ ಅದು ಇರುವುದಿಲ್ಲ. ಇದ್ದರೂ ಬಂದ್ ಮಾಡಿಟ್ಟಿರುತ್ತಾರೆ. ಹಾಗಿದ್ದರೆ ಆ ಡಬ್ಬಿಯನ್ನು ಬದಲಾಯಿಸುವುದು ಬೇಡ. ಅದರಿಂದ ಒಂದು ಲ್ಯಾನ್ ಕೇಬಲ್ ಎಳೆದು ಯುಎಸ್‌ಬಿ ಇರುವ ನಿಮ್ಮದೇ ರೂಟರನ್ನು ಮುಂದೆ ಇಡಿ. ನಾಳೆ ಕಂಪನಿ ಬದಲಾದರೂ ಮನೆಯ ಜಾಲ, ಪಾಸ್‌ವರ್ಡ್, ಡಿಸ್ಕ್ ಯಾವುದೂ ಬದಲಾಗುವುದಿಲ್ಲ. ಹೊಸ ರೂಟರ್ ತರುವಾಗ ಡಬ್ಬದ ಮೇಲೆ ಯುಎಸ್‌ಬಿ 3.0, ಡಬ್ಲ್ಯುಪಿಎ3 ಮತ್ತು ‘ಗೆಸ್ಟ್ ನೆಟ್‌ವರ್ಕ್’ ಈ ಮೂರೂ ಇವೆಯೇ ಎಂದು ಓದಿ. ಆರು ಆಂಟೆನಾ ಇದೆ ಎಂಬುದು ಆಮೇಲಿನ ಮಾತು.

2. ಯಾವ ದೀಪ ಕೆಂಪಾಗಿದೆ ಎಂದು ಹೇಳಲು ಕಲಿಯಿರಿ

‘ನೆಟ್ ಬರ್ತಾ ಇಲ್ಲ’ ಎಂದು ಫೋನ್ ಮಾಡಿದರೆ ಲೈನ್‌ಮನ್‌ಗೆ ಏನೂ ತಿಳಿಯುವುದಿಲ್ಲ. ಫೈಬರ್ ಡಬ್ಬಿಯಲ್ಲಿ ಎರಡು ದೀಪ ಮುಖ್ಯ. ಪಾನ್ ಎಂಬ ದೀಪ ಹಸಿರಾಗಿ ನಿಂತಿದ್ದರೆ ಡಬ್ಬಿಗೂ ಎಕ್ಸ್‌ಚೇಂಜಿಗೂ ಕೈ ಕೂಡಿದೆ ಎಂದರ್ಥ. ಎಲ್‌ಒಎಸ್ ಕೆಂಪಾಗಿದ್ದರೆ ಬೆಳಕೇ ಮನೆ ತಲುಪುತ್ತಿಲ್ಲ: ಎಲ್ಲೋ ಕಡಿದಿದೆ, ಇಲ್ಲವೇ ಮನೆಯೊಳಗೇ ಕೇಬಲ್ ಮಡಚಿಕೊಂಡಿದೆ. ಎಲ್‌ಒಎಸ್ ಕೆಂಪಿಲ್ಲ, ಪಾನ್ ಹಸಿರಿದೆ, ಆದರೂ ನೆಟ್ ಇಲ್ಲ ಎಂದರೆ ತೊಂದರೆ ಬಿಲ್ಲಿನಲ್ಲೋ ಸೆಟ್ಟಿಂಗಿನಲ್ಲೋ ಇರುತ್ತದೆ. ಇಷ್ಟು ಹೇಳಿದರೆ ಜೋಯಿಡಾದಿಂದ ಏಣಿ ತರಬೇಕೋ ಬೇಡವೋ ಎಂದು ಅವರಿಗೆ ಮೊದಲೇ ಗೊತ್ತಾಗುತ್ತದೆ.

ಫೈಬರ್ ಎಂದರೆ ಗಾಜಿನ ಎಳೆ. ಅದನ್ನು ಮೊಳೆಗೆ ಸುತ್ತಬೇಡಿ, ಬಾಗಿಲ ಸಂದಿಯಲ್ಲಿ ಹಿಸುಕಬೇಡಿ. ಬಿಚ್ಚಿದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ಬೆಳಕು ಬರುತ್ತಿದೆಯೇ ಎಂದು ನೋಡಲೇಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣದ್ದು.

3. ರೀಸೆಟ್ ತೂತಿಗೆ ಕಡ್ಡಿ ಹಾಕಬೇಡಿ

ನೆಟ್ ನಿಂತಾಗ ಕೈ ಮೊದಲು ಹೋಗುವುದು ಅಲ್ಲಿಗೇ. ಅದನ್ನು ಒತ್ತಿ ಹಿಡಿದರೆ ಕಂಪನಿಯವರು ತುಂಬಿಟ್ಟ ಯೂಸರ್ ಹೆಸರು, ಪಾಸ್‌ವರ್ಡ್, ಲೈನಿನ ಸಂಖ್ಯೆ ಎಲ್ಲ ಅಳಿಸಿಹೋಗುತ್ತವೆ. ಆಮೇಲೆ ಲೈನ್ ಸರಿಹೋದರೂ ನಿಮ್ಮ ಮನೆಗೆ ಮಾತ್ರ ನೆಟ್ ಬರುವುದಿಲ್ಲ. ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಅದಕ್ಕಿಂತ ಹೆಚ್ಚಿನ ಔಷಧ ನಿಮ್ಮ ಕೈಯಲ್ಲಿ ಬೇಡ. ಎಲ್ಲ ಸರಿಯಿರುವ ದಿನವೇ ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ ‘ಬ್ಯಾಕಪ್’ ಒತ್ತಿ, ಸಿಕ್ಕ ಫೈಲನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

4. ಚಿರೆಕಲ್ಲಿನ ಗೋಡೆಯನ್ನು ಲೆಕ್ಕಕ್ಕೆ ಹಿಡಿಯಿರಿ

ಕೇಬಲ್ ಒಳಗೆ ಬಂದ ಮೂಲೆಯಲ್ಲೇ ರೂಟರ್ ಕೂರಿಸುವುದು ರೂಢಿ. ಹಳೆಯ ಮನೆಗಳ ದಪ್ಪ ಚಿರೆಕಲ್ಲಿನ ಗೋಡೆ ಸಿಗ್ನಲನ್ನು ನುಂಗುತ್ತದೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದಾಗ ಇನ್ನೂ ಹೆಚ್ಚು. ತಗಡಿನ ಮಾಡು, ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಕೂಡ ಅಡ್ಡಿಯೇ. ಮನೆಯ ನಡುವಿನ ಕೋಣೆಯಲ್ಲಿ, ಆಳೆತ್ತರದಲ್ಲಿ, ಬಾಗಿಲಿಗೆ ಎದುರಾಗಿ ಇಡಿ. ಅಟ್ಟ ಬೇಡ, ಹಂಚು ಸೋರಿದರೆ ಮೊದಲ ಹನಿ ಅದರ ಮೇಲೇ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿ. ಸಿಗ್ನಲ್ ಆಂಟೆನಾದ ತುದಿಯಿಂದ ಹೊರಡುವುದಿಲ್ಲ, ಅದರ ಸುತ್ತ ಅಡ್ಡಡ್ಡಲಾಗಿ ಹರಡುತ್ತದೆ.

ರೂಟರ್ ಎರಡು ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗ, ಆದರೆ ಒಂದು ಗೋಡೆಗೇ ಸುಸ್ತು. ಜಗಲಿ, ಅಡುಗೆಮನೆಗೆ ಮೊದಲನೆಯದು. ಟಿವಿ ಇರುವ ಕೋಣೆಗೆ, ಡಿಸ್ಕಿಗೆ ಫೈಲ್ ಹಾಕುವ ಲ್ಯಾಪ್‌ಟಾಪಿಗೆ ಎರಡನೆಯದು. 2.4ರಲ್ಲಿ ಚಾನೆಲ್ 1, 6, 11 ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿ ಇದಕ್ಕಾಗಿ ಜಗಳವಾಡಬೇಕು. ಕುಂಬಾರವಾಡದಲ್ಲಿ ಪಕ್ಕದ ಮನೆ ತೋಟದಾಚೆಗಿರುವುದರಿಂದ ಯಾವುದಾದರೂ ಒಂದನ್ನು ಹಾಕಿ ಮರೆತುಬಿಡಬಹುದು.

ಅಂಗಳದಾಚೆಯ ಹೋಂಸ್ಟೇ ಕೋಣೆಗೆ ಸಿಗ್ನಲ್ ಬೇಕೇ? ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ, ಆದರೆ ಅದು ತಾಮ್ರ. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ. ಅಲ್ಲಿಗೆ ಮೆಶ್ ಡಬ್ಬಿಯೋ ಫೈಬರ್ ತುಂಡೋ ಲೇಸು.

5. ಕರೆಂಟಿನ ಲೆಕ್ಕ ಕಾಗದದ ಮೇಲೆ ಹಾಕಿ

ಇನ್ವರ್ಟರ್ ಇಲ್ಲದ ಮನೆಗೆ ರೂಟರ್ ಯುಪಿಎಸ್ ಎಂಬ ಸಣ್ಣ ಬ್ಯಾಟರಿ ಸಾಕು. ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ ರೂಟರ್ ಹೆಚ್ಚೆಂದರೆ 12 ವಾಟ್ ಎಳೆಯುತ್ತದೆ. ಅದು 8 ವಾಟ್ ಬಳಸುತ್ತಿದೆ ಎಂದುಕೊಳ್ಳಿ: 30 ವಾಟ್-ಗಂಟೆಯ ಬ್ಯಾಟರಿ ಮೂರು ಗಂಟೆಯ ಆಸುಪಾಸು ನಡೆಸುತ್ತದೆ. ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡರದ್ದೂ ಕೂಡಿಸಬೇಕು. ಡಿಸ್ಕ್ ಸಿಕ್ಕಿಸಿದರೆ ಅದರ ಪಾಲೂ ಸೇರುತ್ತದೆ. ಕೊಳ್ಳುವ ಮುನ್ನ ವೋಲ್ಟ್ ಹೊಂದುತ್ತದೆಯೇ ನೋಡಿ. 9 ವೋಲ್ಟಿನ ಡಬ್ಬಿಗೆ 12 ವೋಲ್ಟ್ ಕೊಟ್ಟರೆ ಯುಪಿಎಸ್ ಉಳಿದು ರೂಟರ್ ಸುಡುತ್ತದೆ.

6. ಮೋಡ ಕಟ್ಟಿದರೆ ಎಲ್ಲ ತಂತಿ ಕೀಳಿ

ಸುರಿಯುವ ಆಷಾಢದ ಮಳೆಗಿಂತ ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಮತ್ತು ಹಿಂಗಾರಿನ ಅಕ್ಟೋಬರ್ ಸಿಡಿಲು ಅಪಾಯ. ಗಾಜಿನ ಫೈಬರ್ ಕರೆಂಟ್ ಒಯ್ಯುವುದಿಲ್ಲ; ಆದರೆ ಅಡಾಪ್ಟರಿನ ವೈರು, ಲ್ಯಾನ್ ಕೇಬಲ್, ಟಿವಿಯ ಡಿಶ್ ಕೇಬಲ್ ಒಯ್ಯುತ್ತವೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಇಡಿ. ಮೊದಲು ಡಿಸ್ಕ್, ಆಮೇಲೆ ರೂಟರ್. ಕಿವಿಗೆ ಗುಡುಗು ಬೀಳುವ ಮುನ್ನ, ಮೋಡ ಕಟ್ಟುವಾಗಲೇ ಈ ಕೆಲಸ ಮುಗಿಯಲಿ.

7. ಎರಡು ಪಾಸ್‌ವರ್ಡ್, ಎರಡೂ ಬೇರೆ

ವೈಫೈಗೆ ಒಂದು, ರೂಟರಿನ ಸೆಟ್ಟಿಂಗಿಗೆ ಇನ್ನೊಂದು. ಎರಡನೆಯದನ್ನು ಬದಲಾಯಿಸದೆ ಬಿಟ್ಟವರೇ ಹೆಚ್ಚು. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿದರೆ ಸೆಟ್ಟಿಂಗಿನ ಬಾಗಿಲು. ಅದರ ಹುಟ್ಟು ಪಾಸ್‌ವರ್ಡ್ ಡಬ್ಬಿಯ ತಳದ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಊರ ಹೆಸರಿನ ಮುಂದೆ 123 ಬೇಡ, ಮೊಬೈಲ್ ನಂಬರ್ ಬೇಡ. ಮನೆಯವರಿಗಷ್ಟೇ ಹೊಳೆಯುವ ಮೂರ್ನಾಲ್ಕು ಮಾತು ಸೇರಿಸಿ ಹನ್ನೆರಡು ಅಕ್ಷರ ದಾಟಿಸಿ. ಡೈರಿಯಲ್ಲಿ ಬರೆದಿಟ್ಟರೆ ತಪ್ಪಿಲ್ಲ, ರೂಟರಿನ ಮೇಲೆ ಅಂಟಿಸಿದರೆ ತಪ್ಪು. ಭದ್ರತೆಯ ಪಟ್ಟಿಯಲ್ಲಿ ಡಬ್ಲ್ಯುಪಿಎ2 ಅಥವಾ 3 ಆರಿಸಿ, ಡಬ್ಲ್ಯುಪಿಎಸ್ ಗುಂಡಿ ಬಂದ್ ಮಾಡಿ. ಹೊಸ ಸಾಫ್ಟ್‌ವೇರ್ ಬಂದಿದೆ ಎಂದು ರೂಟರ್ ಹೇಳಿದರೆ ಕರೆಂಟ್ ಗಟ್ಟಿಯಿರುವ ಹೊತ್ತು ನೋಡಿ ಹಾಕಿಸಿ. ನಡುವೆ ಕರೆಂಟ್ ಹೋದರೆ ಡಬ್ಬಿ ಮತ್ತೆ ಏಳದೆ ಹೋಗಬಹುದು.

8. ಅತಿಥಿಗೆ ಬೇರೆ ಜಾಲ

ಗಣೇಶಗುಡಿಯಿಂದ ಅಣಶಿವರೆಗೆ ಹೋಂಸ್ಟೇಗಳು ತುಂಬಿವೆ. ಬಂದವರು ಚಹಾ ಕುಡಿಯುವ ಮೊದಲು ಕೇಳುವುದು ಪಾಸ್‌ವರ್ಡ್. ಮಾಘದ ಉಳವಿ ಜಾತ್ರೆಯ ಹೊತ್ತಿಗೆ ನೆಂಟರಿಷ್ಟರೂ ಸೇರುತ್ತಾರೆ. ಮನೆಯ ಪಾಸ್‌ವರ್ಡನ್ನೇ ಕೊಟ್ಟರೆ ಅವರ ಫೋನಿಗೆ ನಿಮ್ಮ ಡಿಸ್ಕೂ ಕಾಣುತ್ತದೆ. ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ, ‘ಲೋಕಲ್ ನೆಟ್‌ವರ್ಕ್ ನೋಡಲು ಬಿಡು’ ಎಂಬರ್ಥದ ಚೌಕದಿಂದ ಟಿಕ್ ತೆಗೆಯಿರಿ. ಅತಿಥಿಗೆ ಇಂಟರ್ನೆಟ್ ಸಿಗುತ್ತದೆ, ನಿಮ್ಮ ಕಾಗದಪತ್ರ ಸಿಗುವುದಿಲ್ಲ. ಕ್ಯುಆರ್ ಕೋಡ್ ಮಾಡಿ ಕೋಣೆಯ ಗೋಡೆಗೆ ಹಾಕಿ, ಸೀಸನ್ ಮುಗಿದ ಮೇಲೆ ಪಾಸ್‌ವರ್ಡ್ ಬದಲಾಯಿಸಿ. ನಿಮ್ಮ ಕನೆಕ್ಷನ್‌ನಿಂದ ಯಾರೋ ಕಿತಾಪತಿ ಮಾಡಿದರೆ ವಿಚಾರಣೆ ಮೊದಲು ಬರುವುದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಆದ್ದರಿಂದ ಯಾರು ಯಾವ ದಿನ ಇದ್ದರು ಎಂಬ ಅತಿಥಿಗಳ ಪುಸ್ತಕ ಸರಿಯಾಗಿರಲಿ.

9. ಡಿಸ್ಕ್ ಆರಿಸುವಾಗ ಚೌಕಾಸಿ ಮಾಡಬೇಡಿ

ಅಗ್ಗದ ಪೆನ್‌ಡ್ರೈವ್ ದಿನವಿಡೀ ಬಿಸಿಯಲ್ಲಿ ಸಿಕ್ಕಿಕೊಂಡು ಕೂತರೆ ಹೆಚ್ಚು ದಿನ ಬಾಳದು. ತಿರುಗುವ ಹಾರ್ಡ್‌ಡಿಸ್ಕಿಗೆ ಪದೇ ಪದೇ ಕರೆಂಟ್ ಹೋಗುವುದೇ ಶತ್ರು. ಮೇಲಾಗಿ ಅದು ಎಳೆಯುವ ಕರೆಂಟನ್ನು ಸಣ್ಣ ರೂಟರ್ ಕೊಡಲಾರದು. ಯುಎಸ್‌ಬಿ 2.0 ಕಿಂಡಿ ಕೊಡಬೇಕಾದ್ದು 500 ಮಿಲಿಆಂಪಿಯರ್, 3.0 ಆದರೆ 900. ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಂಡು ಮಾಯವಾಗುತ್ತಿದ್ದರೆ ಕರೆಂಟ್ ಸಾಲದೆಂದು ತಿಳಿಯಿರಿ. ನಮ್ಮ ಕಡೆಗೆ ಸಣ್ಣ ಎಸ್‌ಎಸ್‌ಡಿ ಒಳ್ಳೆಯದು: ತಿರುಗುವ ಭಾಗವಿಲ್ಲ, ಬಿದ್ದರೂ ಬದುಕುತ್ತದೆ. ಯುಎಸ್‌ಬಿ 3.0 ಡಿಸ್ಕ್ ರೂಟರಿಗೆ ಅಂಟಿಕೊಂಡಂತಿದ್ದರೆ 2.4 ಗಿಗಾಹರ್ಟ್ಸ್ ಸಿಗ್ನಲ್ ಕೆಡುವುದುಂಟು. ಒಳ್ಳೆಯ ಗಿಡ್ಡ ಕೇಬಲ್ ಹಾಕಿ ಒಂದು ಮೊಳ ದೂರವಿಡಿ.

ಡಿಸ್ಕನ್ನು ಫ್ಯಾಟ್32 ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಫೋನಿನ ಫುಲ್ ಎಚ್‌ಡಿ ವಿಡಿಯೊ ನಿಮಿಷಕ್ಕೆ 60ರಿಂದ 130 ಎಂಬಿ ಹಿಡಿಯುತ್ತದೆ. ಒಂದು ಗಂಟೆಯ ಧಾರೆಯ ವಿಡಿಯೊಗೇ ಆ ಮಿತಿ ಮೀರಬಹುದು. ಮನೆಯಲ್ಲಿ ವಿಂಡೋಸ್ ಇದ್ದರೆ ಎನ್‌ಟಿಎಫ್‌ಎಸ್ ಮಾಡಿ. ರೂಟರ್ ಅದನ್ನು ಓದುತ್ತದೆಯೇ ಎಂದು ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಿ. ಡಿಸ್ಕ್ ಕೀಳುವ ಮುನ್ನ ಪ್ರತಿಸಲ ರೂಟರಿನ ಪುಟದಲ್ಲಿ ‘ಸೇಫ್ಲಿ ರಿಮೂವ್’ ಒತ್ತಿ.

10. ಫೋಲ್ಡರಿಗೆ ಹೆಸರಿಡಿ, ಬಾಗಿಲಿಗೆ ಬೀಗವಿಡಿ

ಮೂರು ಫೋಲ್ಡರ್ ಸಾಕು: ‘ಪಾಠ’, ‘ಫೋಟೊ’, ‘ಕಾಗದ’. ಮೊದಲೆರಡು ಮನೆಯ ಎಲ್ಲರಿಗೂ. ‘ಕಾಗದ’ದಲ್ಲಿ ಪಹಣಿ, ಅರಣ್ಯ ಹಕ್ಕಿನ ಅರ್ಜಿ, ಅಂಕಪಟ್ಟಿ, ಸೊಸೈಟಿ ರಸೀದಿ, ಅದಕ್ಕೆ ಬೇರೆ ಯೂಸರ್, ಬೇರೆ ಪಾಸ್‌ವರ್ಡ್. ರೂಟರಿನಲ್ಲಿ ಒಂದೇ ಪಾಸ್‌ವರ್ಡಿಗೆ ಅವಕಾಶವಿದ್ದರೆ ‘ಕಾಗದ’ವನ್ನು ಪಾಸ್‌ವರ್ಡ್ ಹಾಕಿದ ಜಿಪ್ ಮಾಡಿಡಿ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ ಬರಲಿ. ‘2024-ಪಹಣಿ-ಗದ್ದೆ’ ಎಂದಿದ್ದರೆ ಹುಡುಕುವ ಕೆಲಸವೇ ಇಲ್ಲ. ವಾಟ್ಸಾಪ್ ಇಟ್ಟ ಹೆಸರಲ್ಲೇ ಬಿಟ್ಟರೆ ನಿಮಗೂ ಸಿಗುವುದಿಲ್ಲ.

ಡಿಸ್ಕ್ ತೆರೆಯುವುದು ಹೀಗೆ. ವಿಂಡೋಸಿನಲ್ಲಿ ಫೋಲ್ಡರಿನ ಮೇಲಿನ ಪಟ್ಟಿಯಲ್ಲಿ \\192.168.1.1 ಎಂದು ನಿಮ್ಮ ರೂಟರಿನ ಸಂಖ್ಯೆ ಹಾಕಿ. ಐಫೋನಿನಲ್ಲಿ ಫೈಲ್ಸ್ ಆಪಿನ ‘ಕನೆಕ್ಟ್ ಟು ಸರ್ವರ್’. ಆಂಡ್ರಾಯ್ಡಿನಲ್ಲಿ ವಿಎಲ್‌ಸಿ ಆಪಿನಿಂದ ವಿಡಿಯೊ ನೇರವಾಗಿ ಓಡುತ್ತದೆ. ಟಿವಿಗಾದರೆ ರೂಟರಿನಲ್ಲಿ ‘ಮೀಡಿಯಾ ಸರ್ವರ್’ ಆನ್ ಮಾಡಿ.

ಡಿಸ್ಕ್ ಫೋನಿಗೆ ಕಾಣುತ್ತದೆ, ವಿಂಡೋಸಿಗೆ ಕಾಣುವುದಿಲ್ಲ ಎಂಬ ದೂರು ಸಾಮಾನ್ಯ. ಹಳೆಯ ರೂಟರ್‌ಗಳು ಫೈಲ್ ಹಂಚಲು ಎಸ್‌ಎಂಬಿ1 ಎಂಬ ಹಳೆಯ ಪದ್ಧತಿ ಬಳಸುತ್ತವೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಇದೇ ಪದ್ಧತಿಯ ಬಿರುಕಿನಿಂದ. ಅದೇ ವರ್ಷದ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಹೊಸದಾಗಿ ಹಾಕುವ ವಿಂಡೋಸ್ 10ರಿಂದ ಅದನ್ನು ತೆಗೆಯತೊಡಗಿತು. ಪರಿಹಾರ ರೂಟರಿನ ಸಾಫ್ಟ್‌ವೇರ್ ಹೊಸದು ಮಾಡುವುದು, ಇಲ್ಲವೇ ರೂಟರ್ ಬದಲಾಯಿಸುವುದು. ಯೂಟ್ಯೂಬ್ ನೋಡಿ ವಿಂಡೋಸಿನಲ್ಲಿ ಎಸ್‌ಎಂಬಿ1 ಮತ್ತೆ ಆನ್ ಮಾಡಿಕೊಳ್ಳುವುದು ಪರಿಹಾರವಲ್ಲ.

11. ಒಂದು ಪ್ರತಿ ಊರಾಚೆ ಇರಲಿ

ಮನೆಯ ಒಂದು ಲ್ಯಾಪ್‌ಟಾಪಿಗೆ ವೈರಸ್ ಬಂದರೆ ರೂಟರಿನ ಡಿಸ್ಕನ್ನೂ ಅದು ಬಿಡುವುದಿಲ್ಲ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲಿ. ಫೋನಿನಲ್ಲಿ ಒಂದು, ರೂಟರಿನ ಡಿಸ್ಕಿನಲ್ಲಿ ಒಂದು, ದಾಂಡೇಲಿಯ ತಂಗಿಯ ಮನೆಯ ಕಪಾಟಿನಲ್ಲಿ ಮೂರನೆಯದು. ನಿಧಾನದ ಲೈನಿನಲ್ಲಿ ನೂರಾರು ಜಿಬಿ ಕ್ಲೌಡಿಗೆ ಏರಿಸಲು ಕೂತರೆ ದಿನಗಟ್ಟಲೆ ಬೇಕು. ಅದೇ ಡಿಸ್ಕ್ ಚೀಲದಲ್ಲಿ ಕೂತು ಬಸ್ಸಿನಲ್ಲಿ ದಾಂಡೇಲಿಗೋ ಹಳಿಯಾಳಕ್ಕೋ ಬೇಗ ತಲುಪುತ್ತದೆ. ಕ್ಲೌಡಿಗೆ ‘ಕಾಗದ’ ಫೋಲ್ಡರ್ ಮಾತ್ರ ಹಾಕಿ, ಅದು ಸಣ್ಣದು. ಕಪಾಟಿನ ಡಿಸ್ಕನ್ನು ಸಿಲಿಕಾ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದ ಬೂಷ್ಟು ಚರ್ಮದ ಚಪ್ಪಲಿಗಷ್ಟೇ ಹಿಡಿಯುವುದಲ್ಲ.

12. ಹೊರಗಿನಿಂದ ಬಾಗಿಲು ತೆರೆಯಬೇಡಿ, ಒಳಗಿನಿಂದ ಕರೆ ಮಾಡಿ

ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ಡಿಸ್ಕ್ ನೋಡಲಿ ಎಂದು ರೂಟರಿನಲ್ಲಿ ಎಫ್‌ಟಿಪಿ ಅಥವಾ ‘ರಿಮೋಟ್ ಆಕ್ಸೆಸ್’ ತೆರೆದಿಡಬೇಡಿ. ಅವನಿಗೆ ತೆರೆದ ಬಾಗಿಲು ಜಗತ್ತಿಗೂ ತೆರೆದೇ ಇರುತ್ತದೆ, ಅದನ್ನು ಹುಡುಕುವ ಯಂತ್ರಗಳು ಹಗಲು ರಾತ್ರಿ ತಿರುಗುತ್ತಿವೆ. ಅವನಿಗೆ ಬೇಕಾದ ಫೋಟೊ ಕಳಿಸಿ, ಸಾಕು. ಯುಪಿಎನ್‌ಪಿ ಎಂಬುದೂ ಬಂದ್ ಇರಲಿ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ಮನೆಯ ಎಲ್ಲರಿಗೂ ಹೇಳಿಡಿ.

ಇನ್ನು ಕರೆಯ ಮಾತು. ಮನೆಯಲ್ಲಿ ರೇಂಜ್ ಇಲ್ಲ, ಫೈಬರ್ ಇದೆ ಎನ್ನುವವರು ಫೋನಿನ ಸೆಟ್ಟಿಂಗಿನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೊ 2020ರ ಜನವರಿಯಲ್ಲಿ ಇದನ್ನು ಶುರು ಮಾಡಿದವು. ನಿಮ್ಮದೇ ನಂಬರಿನಿಂದ, ಯಾವ ಆಪ್ ಇಲ್ಲದೆ ಸಾಮಾನ್ಯ ಕರೆ ಹೋಗುತ್ತದೆ. ಬಿಎಸ್‌ಎನ್‌ಎಲ್ ಫೈಬರಿನ ಮೇಲೂ ಈ ಸಿಮ್‌ಗಳು ನಡೆಯುತ್ತವೆ. ಗುಡ್ಡ ಹತ್ತುವ ಕೆಲಸ ತಪ್ಪುತ್ತದೆ. ಆದರೆ ಲೈನ್ ಹೋದರೆ ಇದೂ ಹೋಗುತ್ತದೆ. ಆದ್ದರಿಂದ ವೈದ್ಯರ, ಲೈನ್‌ಮನ್‌ನ, ಜೀಪಿನವರ ನಂಬರ್ ಗೋಡೆಯ ಕ್ಯಾಲೆಂಡರಿನಲ್ಲೂ ಇರಲಿ, ಎಲ್ಲಿ ನಿಂತರೆ ರೇಂಜ್ ಸಿಗುತ್ತದೆ ಎಂಬುದು ಮನೆಗೆ ಬಂದವರಿಗೂ ಗೊತ್ತಿರಲಿ.

13. ಲೈನ್ ಹೋದ ಮೊದಲ ದಿನವೇ ಪರೀಕ್ಷೆ ಮಾಡಿ

ಲೈನ್ ಹೋಗಿದೆ, ರೂಟರಿಗೆ ಕರೆಂಟ್ ಇದೆ. ಫೋನ್ ತೆಗೆದು ಡಿಸ್ಕ್ ತೆರೆಯಲು ನೋಡಿ. ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಕನೆಕ್ಟ್ ಆಗಿ ಉಳಿಯಲೇ?’ ಎಂದು ಅದು ಕೇಳುತ್ತದೆ. ಹೌದು ಎನ್ನಿ. ಕೇಳದೆಯೇ ಜಾಲ ಬಿಟ್ಟು ಮೊಬೈಲ್ ಡೇಟಾಗೆ ಹಾರುವ ಫೋನ್‌ಗಳೂ ಉಂಟು. ಅವುಗಳ ವೈಫೈ ಸೆಟ್ಟಿಂಗಿನಲ್ಲಿ ‘ಮೊಬೈಲ್ ಡೇಟಾಗೆ ಬದಲಾಗು’ ಎಂಬುದನ್ನು ಬಂದ್ ಮಾಡಿ, ಅಥವಾ ಆ ಹೊತ್ತಿಗೆ ಡೇಟಾವನ್ನೇ ಆಫ್ ಮಾಡಿ. ಎಲ್ಲ ಸರಿಯಿದ್ದೂ ಡಿಸ್ಕ್ ಸಿಗುತ್ತಿಲ್ಲ ಎನ್ನುವ ಮನೆಗಳಲ್ಲಿ ಹೆಚ್ಚಿನ ಸಲ ಸಿಕ್ಕುವ ಗಂಟು ಇದೇ.

ಆಮೇಲೆ ಮನೆಯ ಪ್ರತಿಯೊಬ್ಬರೂ ಒಂದೊಂದು ಕೆಲಸ ಮಾಡಿ ತೋರಿಸಲಿ. ಹತ್ತನೇ ತರಗತಿಯ ಹುಡುಗಿ ಗಣಿತದ ವಿಡಿಯೊ ಹಾಕಲಿ, ಅಜ್ಜಿ ಟಿವಿಯಲ್ಲಿ ಭಜನೆ ಹಚ್ಚಲಿ, ಮನೆಯ ಯಜಮಾನರು ಪಹಣಿ ತೆರೆಯಲಿ. ಯಾರ ಕೈಲಿ ಆಗಲಿಲ್ಲವೋ ಅವರ ಫೋನನ್ನು ಅವತ್ತೇ ಸರಿಮಾಡಿ. ರೂಟರ್ ಬಲ್ಲವರು ಮನೆಯಲ್ಲಿ ಒಬ್ಬರೇ ಇದ್ದು ಅವರು ಕಾರವಾರಕ್ಕೆ ಹೋದ ದಿನ ಎಲ್ಲ ನಿಂತರೆ ಆ ವ್ಯವಸ್ಥೆ ಅರ್ಧ ಕೆಲಸವಷ್ಟೇ. ಮೇ ಮುಗಿಯುವುದರೊಳಗೆ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರೆ ಮಳೆಗಾಲಕ್ಕೆ ಸಿದ್ಧವಾದಂತೆ.